ಗಾಜಿನ ಕಿಟಕಿ ಬಾಗಿಲು ಮಾಡಲು ಯಾವ ರೌಟರ್ ಬಿಟ್ ತಗೊಳ್ಳಬೇಕು?

ನಿಮ್ಮ ಹತ್ತಿರ 6 ಮಿ.ಮೀ. ಟ್ರಿಮ್ಮರ್ (ಬಿಟ್ ತಿರುಗಿಸಿ ಮರ ಕೊರೆಯುವ ಸಣ್ಣ ಕೈ ರೌಟರ್) ಇದೆ, ತೇಗದಲ್ಲಿ ಗಾಜಿನ ಕಿಟಕಿ ಬಾಗಿಲು ಮಾಡಬೇಕು, ಆನ್‌ಲೈನ್‌ನಲ್ಲಿ ಸಿಗುವ ಬಾಗಿಲಿನ ಬಿಟ್ ಸೆಟ್ ಆಗುತ್ತದಾ ಅಂತ ಕೇಳಿದ್ದೀರಿ. ದಯವಿಟ್ಟು ಅದನ್ನು ತಗೊಳ್ಳಬೇಡಿ.

ಆ ಸೆಟ್ ಬಾಗಿಲಿನ ಚೌಕಟ್ಟಿನ ಪಟ್ಟಿಯ ಅಂಚಿನ ನಡುವೆ ಗ್ರೂವ್ (ಉದ್ದ ತೋಡು) ಹೊಡೆಯುತ್ತದೆ. ಮರದ ಹಲಗೆ ಕೂರಿಸಲು ಅದು ಸರಿ. ಗಾಜು ಹಾಕಿದರೆ ಅದು ಒಳಗೇ ಸಿಕ್ಕಿಕೊಳ್ಳುತ್ತದೆ, ನಾಳೆ ಮಕ್ಕಳ ಚೆಂಡು ಬಿದ್ದು ಒಡೆದರೆ ಅಂಟು ಹಾಕಿದ ಬಾಗಿಲನ್ನು ಬಿಚ್ಚುವುದು ಹೇಗೆ ಹೇಳಿ? ಕಿಟಕಿಗೆ ಬೇಕಿರುವುದು ಒಂದು ಬದಿ ತೆರೆದಿರುವ ರಿಬೇಟ್, ಅಂದರೆ ಅಂಚಿನಲ್ಲಿ ಮೆಟ್ಟಿಲಿನ ಹಾಗೆ ಕೊರೆದ ಜಾಗ. ಗಾಜು ಇಟ್ಟು ಬೀಡಿಂಗ್ (ಗಾಜನ್ನು ಹಿಡಿಯುವ ತೆಳು ಪಟ್ಟಿ) ಹೊಡೆಯಿರಿ, ಒಡೆದರೆ ಬೀಡಿಂಗ್ ಕಿತ್ತು ಬೇರೆ ಗಾಜು ಹಾಕಿ.

ಕಿಟಕಿಗೆಂದೇ ಜೋಡಿ ಬಿಟ್‌ಗಳೂ ಬರುತ್ತವೆ. ಒಂದು ಡಿಸೈನ್ ಮತ್ತು ರಿಬೇಟ್ ಎರಡನ್ನೂ ಒಟ್ಟಿಗೆ ಹೊಡೆಯುತ್ತದೆ, ಇನ್ನೊಂದು ಅಡ್ಡಪಟ್ಟಿಯ ತುದಿಯನ್ನು ಅದಕ್ಕೆ ಕೂರುವ ಹಾಗೆ ಕೊರೆಯುತ್ತದೆ. ಕೆಲಸ ಚೆಂದ ಬರುತ್ತದೆ, ಆದರೆ ಸಾಮಾನ್ಯವಾಗಿ ಅವಕ್ಕೆ ಅರ್ಧ ಇಂಚಿನ ಶ್ಯಾಂಕ್ (ಮೆಷಿನ್ ಒಳಗೆ ಹೋಗುವ ಬಿಟ್ಟಿನ ಕಾಂಡ), ಅಂದರೆ ದೊಡ್ಡ ರೌಟರ್, ಸ್ಪೀಡ್ ಕಂಟ್ರೋಲ್, ಟೇಬಲ್ ಎಲ್ಲ ಬೇಕು. ಅವು ಮಾಡುವ ಟೆನನ್ (ಜೋಡಣೆಗೆ ಅಡ್ಡಪಟ್ಟಿಯ ತುದಿಯಲ್ಲಿ ಬಿಡುವ ನಾಲಿಗೆ) ಕೂಡ ಗಿಡ್ಡ. ಗಾಜಿನ ಭಾರ ಹೊತ್ತು ದಿನಾ ತೆರೆದು ಮುಚ್ಚುವ ಬಾಗಿಲಿಗೆ ನಾನಂತೂ ಅದನ್ನು ನಂಬುವುದಿಲ್ಲ. ಟೆನನ್ ಕೂರುವ ತೂತು, ಅಂದರೆ ಮಾರ್ಟಿಸ್ ಅನ್ನು ಡ್ರಿಲ್ ಮತ್ತು ಉಳಿಯಿಂದ ಆರಪಾರ ಮಾಡಿ, ಟೆನನ್ ಉದ್ದ ಇಡಿ.

ನಿಮ್ಮ ಟ್ರಿಮ್ಮರ್‌ಗೆ ಮೂರು ಬಿಟ್ ಸಾಕು: ಬೇರಿಂಗ್ (ಅಂಚಿಗೆ ತಾಗಿ ಉರುಳುವ ಸಣ್ಣ ಚಕ್ರ) ಇರುವ ರಿಬೇಟ್ ಬಿಟ್, ಬೇರಿಂಗ್ ಇರುವ 45 ಡಿಗ್ರಿ ಚಾಂಫರ್ ಬಿಟ್ (ಅಂಚನ್ನು ಓರೆಯಾಗಿ ಕೊಯ್ಯುವುದು), 6 ಮಿ.ಮೀ. ರೌಂಡ್ ನೋಸ್ ಬಿಟ್ (ದುಂಡು ತುದಿಯದು). ಮೂರೂ ಕಾರ್ಬೈಡ್ ತುದಿಯವೇ ಆಗಿರಲಿ, ತೇಗದಲ್ಲಿ ಸಿಲಿಕಾ ಇರುವುದರಿಂದ ಮಾಮೂಲಿ ಸ್ಟೀಲ್ ಬೇಗ ಮೊಂಡಾಗುತ್ತದೆ. ಶ್ಯಾಂಕ್ ಅಳತೆ ನೋಡದೆ ದುಡ್ಡು ಕೊಡಬೇಡಿ. ಕಾಲು ಇಂಚು ಅಂದರೆ 6.35 ಮಿ.ಮೀ. ಶ್ಯಾಂಕ್ ಹಿಡಿಯುವ ಬಾಯಿಗೆ, ಅಂದರೆ 6 ಮಿ.ಮೀ. ಕೊಲೆಟ್‌ಗೆ ಅದು ಹೋಗುವುದಿಲ್ಲ, ಕಾಲು ಇಂಚಿನ ಕೊಲೆಟ್‌ಗೆ 6 ಮಿ.ಮೀ. ಶ್ಯಾಂಕ್ ಹಾಕಿ ಬಿಗಿದರೆ ತಿರುಗುವಾಗ ಜಾರಿ ಹೊರಗೆ ಬರಬಹುದು. ಇದು ನಿಜವಾಗಲೂ ಅಪಾಯ.

ಮೊದಲು ಬಾಗಿಲನ್ನು ಅಂಟಿಸಿ ಒಣಗಿಸಿ, ಆಮೇಲೆ ಒಳ ಅಂಚಿಗೆ ರಿಬೇಟ್ ಹೊಡೆಯಿರಿ. 35 ಮಿ.ಮೀ. ದಪ್ಪದ ಪಟ್ಟಿಗೆ 10 ಅಗಲ, 15 ಆಳ: ಗಾಜಿಗೆ 5, ಬೀಡಿಂಗ್‌ಗೆ 10. ಒಂದೇ ಸಲಕ್ಕೆ ಹೊಡೆದರೆ ಮರ ಸುಟ್ಟು ಕಪ್ಪಾಗುತ್ತದೆ, ಸಲಕ್ಕೆ 3 ಮಿ.ಮೀ. ಇಳಿಸಿ. ಒಳ ಅಂಚಿನಲ್ಲಿ ಟ್ರಿಮ್ಮರ್ ಗಡಿಯಾರದ ಮುಳ್ಳಿನ ದಿಕ್ಕಲ್ಲೇ ಹೋಗಬೇಕು, ಉಲ್ಟಾ ಹೋದರೆ ಕೈಯಿಂದ ಎಳೆದುಕೊಂಡು ಓಡುತ್ತದೆ. ಮೂಲೆ ದುಂಡಗೆ ಉಳಿಯುತ್ತದೆ, ಚೂಪಾದ ಉಳಿಯಿಂದ ಚೌಕ ಮಾಡಿಕೊಳ್ಳಿ. ಟೆನನ್ ಕೊಯ್ಯುವಾಗಲೇ ಅದನ್ನು ಒಳ ಅಂಚಿನಿಂದ 10 ಮಿ.ಮೀ. ದೂರ ಇಟ್ಟಿರಬೇಕು, ಇಲ್ಲದಿದ್ದರೆ ರಿಬೇಟ್ ಬಿಟ್ ಅದನ್ನೇ ತಿನ್ನುತ್ತದೆ.

ಚಾಂಫರ್ ಇನ್ನೊಂದು ಮುಖಕ್ಕೆ. ಮೂಲೆಗೆ 40 ಮಿ.ಮೀ. ಇರುವಾಗಲೇ ನಿಲ್ಲಿಸಿ, ನೋಡೋಕೂ ಚೆಂದ.

ರೌಂಡ್ ನೋಸ್ ಬಿಟ್ ಯಾಕೆ ಅಂದರೆ, ಮಳೆಗೆ. ಕೆಳಪಟ್ಟಿಯ ಅಡಿಯಲ್ಲಿ, ಹೊರಮುಖದಿಂದ 10 ಮಿ.ಮೀ. ಒಳಕ್ಕೆ, 3-4 ಮಿ.ಮೀ. ಆಳದ ಗ್ರೂವ್ ಹೊಡೆದರೆ ಅಡಿಯಲ್ಲಿ ಒಳಗೆ ಹರಿಯುವ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಪಾಲಿಶ್‌ಗಿಂತ ಮೊದಲೇ ಇದನ್ನು ಮುಗಿಸಿ, ಗ್ರೂವ್ ಒಳಗೂ ಬ್ರಷ್ ಆಡಿಸಿ.