ಚೆರ್ರಿ ಬಾರ್ಬ್ ಮೀನುಗಳು ಮೊಟ್ಟೆ ಇಟ್ಟರೂ ತೊಟ್ಟಿಯಲ್ಲಿ ಒಂದು ಮರಿಯೂ ಉಳಿಯುವುದಿಲ್ಲ, ಯಾಕೆ?

ಇಟ್ಟ ಮೀನುಗಳೇ ಮೊಟ್ಟೆಗಳನ್ನು ತಿಂದುಬಿಡುತ್ತವೆ. ಚೆರ್ರಿ ಬಾರ್ಬ್‌ಗಳು ಗೂಡು ಕಟ್ಟುವುದಿಲ್ಲ, ಕಾವಲು ಕಾಯುವುದಿಲ್ಲ. ಗಿಡಗಳ ನಡುವೆ ಮೊಟ್ಟೆ ಚೆಲ್ಲಿ ಮುಂದೆ ಹೋಗುತ್ತವೆ. ಆಮೇಲೆ ಕಣ್ಣಿಗೆ ಬಿದ್ದ ಮೊಟ್ಟೆ ಅವಕ್ಕೆ ಬರೀ ಆಹಾರ.

ಆದ್ದರಿಂದ 30 ಲೀಟರಿನ ಬೇರೆ ತೊಟ್ಟಿ ಇಡಿ. ತಳದಲ್ಲಿ ಜಾವಾ ಮಾಸ್, ಅಂದರೆ ನೀರಿನಲ್ಲಿ ಬೆಳೆಯುವ ಹಾವಸೆಯಂಥ ಗಿಡವನ್ನು ದಟ್ಟವಾಗಿ ಹರಡಿದರೆ ಮೊಟ್ಟೆಗಳು ಅದರೊಳಗೆ ಬಿದ್ದು ಮರೆಯಾಗುತ್ತವೆ. ನೀರು ಸುಮಾರು 26 ಡಿಗ್ರಿ ಸೆಲ್ಸಿಯಸ್ ಇರಲಿ, ಗಡಸಾಗಿರಬಾರದು. ಫಿಲ್ಟರ್ ಸ್ಪಂಜಿನದೇ ಆಗಬೇಕು, ಬೇರೆಯವು ಮರಿಗಳನ್ನು ಒಳಗೆಳೆದುಕೊಳ್ಳುತ್ತವೆ. ಹೊಟ್ಟೆ ದುಂಡಗಾದ ಹೆಣ್ಣನ್ನೂ ಕಡುಗೆಂಪು ಬಣ್ಣದ ಗಂಡನ್ನೂ ಸಂಜೆ ಬಿಡಿ. ಸಾಮಾನ್ಯವಾಗಿ ಬೆಳಗಿನ ಹೊತ್ತು ಮೊಟ್ಟೆ ಇಡುತ್ತವೆ. ಗಂಡು ಅಟ್ಟಿಸಿಕೊಂಡು ಹೋಗುವುದು ನಿಂತ ಕೂಡಲೇ ಎರಡನ್ನೂ ಹೊರಗೆ ತೆಗೆಯಿರಿ. ಸಂಜೆಯವರೆಗೆ ಕಾದರೆ ತಡವಾಯಿತು ಎಂದೇ ತಿಳಿಯಿರಿ.

ಬೆಳ್ಳಗೆ ತಿರುಗಿದ ಮೊಟ್ಟೆ ಫಲಿಸಿಲ್ಲ, ಬೂಷ್ಟು ಪಕ್ಕದವಕ್ಕೆ ಹಬ್ಬುವ ಮೊದಲೇ ಅದನ್ನು ಡ್ರಾಪರಿನಲ್ಲಿ ಹೀರಿ ತೆಗೆಯಿರಿ. ಒಂದೆರಡು ದಿನದಲ್ಲಿ ಮರಿಗಳು ಹೊರಬರುತ್ತವೆ. ಅವು ಈಜತೊಡಗುವವರೆಗೆ ಏನೂ ಹಾಕಬೇಡಿ, ಹೊಟ್ಟೆಗಂಟಿದ ಹಳದಿ ಚೀಲವೇ ಅವುಗಳ ಊಟ. ಹೆಚ್ಚಿನ ಮರಿಗಳು ಸಾಯುವುದು ಇದಾದ ಮೇಲೆ, ಹಸಿವಿನಿಂದ: ಬಾಯಿ ತೀರಾ ಚಿಕ್ಕದು, ಮಾಮೂಲಿ ಪುಡಿ ಆಹಾರ ಹಿಡಿಸುವುದಿಲ್ಲ. ಮೊದಲ 4–5 ದಿನ ಇನ್ಫ್ಯುಸೋರಿಯಾ, ಅಂದರೆ ನೀರಿನಲ್ಲಿ ಬೆಳೆಸಿದ ಸೂಕ್ಷ್ಮಜೀವಿಗಳನ್ನು ಕೊಡಿ. ನಂತರ ಆಗಷ್ಟೇ ಮೊಟ್ಟೆಯೊಡೆದ ಬ್ರೈನ್ ಶ್ರಿಂಪ್, ಅಂದರೆ ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿಯ ಮರಿಗಳು.