ಪಹಣಿ ಇನ್ನೂ ತಾತನ ಹೆಸರಲ್ಲೇ ಇದೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ಗುಬ್ಬಿ ತಾಲ್ಲೂಕು. ಎರಡೂವರೆ ಎಕರೆ ಖುಷ್ಕಿ, ರಾಗಿ ಬೆಳೆಯುತ್ತೇವೆ. ಪಹಣಿ ತೀರಿಹೋದ ತಾತನ ಹೆಸರಲ್ಲಿದೆ. ಬೀಜ, ಗೊಬ್ಬರ ವ್ಯಾಪಾರಿಯಿಂದ ಸಾಲ. ಸುಗ್ಗಿಯಲ್ಲಿ ರಾಗಿ ಅವರಿಗೇ ಹಾಕಬೇಕು, ಅವರು ಹೇಳಿದ್ದೇ ರೇಟು. ದಾರಿ ಏನು?

ಉತ್ತರ: ನಿಮ್ಮ ತೊಂದರೆ ಶುರುವಾಗುವುದು ರೇಟಿನಿಂದಲ್ಲ, ಪಹಣಿಯಿಂದ. 2025-26ರ ಸಾಲಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಆದರೆ ಖರೀದಿ ಕೇಂದ್ರದಲ್ಲಿ ಹೆಸರು ನೋಂದಾಯಿಸಲು ಫ್ರೂಟ್ಸ್ ಐಡಿ (ಸರ್ಕಾರ ರೈತರಿಗೆ ಕೊಡುವ ನೋಂದಣಿ ಸಂಖ್ಯೆ) ಬೇಕು, ಅದಕ್ಕೆ ಜಮೀನು ನಿಮ್ಮ ಹೆಸರಲ್ಲಿರಬೇಕು. ಸೊಸೈಟಿಯ ಬೆಳೆ ಸಾಲಕ್ಕೂ ಪಹಣಿಯನ್ನೇ ಕೇಳುತ್ತಾರೆ. ಆ ಸಾಲ ಸಿಗದ್ದಕ್ಕೇ ಅಲ್ವಾ ನೀವು ವ್ಯಾಪಾರಿಯ ಹತ್ತಿರ ಹೋಗಿದ್ದು?

ಹಾಗಾಗಿ ಮೊದಲು ಪೌತಿ ಖಾತೆ ಮಾಡಿಸಿ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸಿಕೊಳ್ಳಿ. ತಾತನ ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ವಾರಸುದಾರರ ಆಧಾರ್ ಇಟ್ಟುಕೊಂಡು ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಸಾವು ನೋಂದಣಿಯೇ ಆಗಿಲ್ಲದಿದ್ದರೆ ಆ ಕೆಲಸ ಮೊದಲು ಹಿಡಿಯಿರಿ. ವರ್ಷ ದಾಟಿದ ನೋಂದಣಿಗೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು, ತಡವಾಗುತ್ತದೆ.

ಹೆಚ್ಚಿನ ಅರ್ಜಿಗಳು ಸಿಕ್ಕಿಕೊಳ್ಳುವುದು ಮನೆಯೊಳಗಿನ ತಕರಾರಿನಲ್ಲಿ. ಸೋದರತ್ತೆಯಂದಿರ ಹೆಸರನ್ನು ವಂಶವೃಕ್ಷದಿಂದ ಬಿಡಬೇಡಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಅದು ಅವರ ಹಕ್ಕು. ಮುಚ್ಚಿಟ್ಟರೆ ನಾಳೆ ಕೋರ್ಟಿಗೆ ಅಲೆಯಬೇಕಾದೀತು. ಭಾಗದ ಮಾತು ಈಗಲೇ ಬಗೆಹರಿಯದಿದ್ದರೆ ಸದ್ಯಕ್ಕೆ ಎಲ್ಲ ವಾರಸುದಾರರ ಹೆಸರಿಗೆ ಜಂಟಿ ಖಾತೆ ಮಾಡಿಸಿ, ವಿಭಾಗ ಆಮೇಲೆ ನೋಡಿಕೊಳ್ಳಬಹುದು.

ಖಾತೆ ಆದ ಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ನೋಂದಣಿ ಮಾಡಿಸಿ. ಬೆಳೆ ವಿಮೆಯನ್ನೂ ಬಿಡಬೇಡಿ, ಮುಂಗಾರು ರಾಗಿಗೆ ರೈತರು ಕಟ್ಟುವ ಕಂತು ವಿಮಾ ಮೊತ್ತದ ಶೇ 2 ಮಾತ್ರ. ಪಿಎಂ ಕಿಸಾನ್‌ನ ವರ್ಷಕ್ಕೆ 6,000 ರೂಪಾಯಿಗೂ ಅರ್ಜಿ ಹಾಕಿ. 2019ರ ಫೆಬ್ರುವರಿ 1ರ ನಂತರ ಜಮೀನು ಹೆಸರಿಗೆ ಬಂದವರಿಗೆ ಇದು ಸಿಗದು ಎಂಬ ನಿಯಮವಿದೆ. ಆದರೆ ಮಾಲೀಕರು ತೀರಿಕೊಂಡು ವಾರಸಿನಿಂದ ಬಂದಿದ್ದರೆ ವಿನಾಯಿತಿ ಇದೆ.

ಇದೆಲ್ಲ ಈ ಸುಗ್ಗಿಯೊಳಗೆ ಮುಗಿಯದೇ ಇರಬಹುದು. ಅಲ್ಲಿಯವರೆಗೆ ವ್ಯಾಪಾರಿಯ ಬಾಕಿಗೆ ಎಷ್ಟು ಬೇಕೋ ಅಷ್ಟು ರಾಗಿ ಮಾತ್ರ ಹಾಕಿ, ಉಳಿದದ್ದನ್ನು ಚೆನ್ನಾಗಿ ಒಣಗಿಸಿ ಇಟ್ಟುಕೊಳ್ಳಿ. ಒಣಗಿದ ರಾಗಿ ಬೇಗ ಕೆಡುವುದಿಲ್ಲ, ಸುಗ್ಗಿಯ ಗದ್ದಲ ಇಳಿದ ಮೇಲೆ ಸಂತೆಯಲ್ಲಿ ಮಾರಬಹುದು.