ಹೊಸ ಸ್ಲಾಲಂ ಸ್ಕೀ ತಿರುಗಲು ಮೊಂಡು ಹಿಡಿದರೆ

ಪ್ರಶ್ನೆ: ಹಲವು ವರ್ಷ ಬಳಸಿದ 66 ಇಂಚಿನ ಸ್ಲಾಲಂ ವಾಟರ್ ಸ್ಕೀ (ಒಂದರ ಮೇಲೇ ಎರಡೂ ಕಾಲಿಟ್ಟು, ದೋಣಿಯ ಹಿಂದೆ ತೇಲುಗುಂಡುಗಳನ್ನು ಸುತ್ತುವ ಹಲಗೆ) ಬಿಟ್ಟು 67 ಇಂಚಿನ ಹೊಸದನ್ನು ಕೊಂಡಿದ್ದೇನೆ. ನನ್ನ ತೂಕ 82 ಕೆ.ಜಿ., ದೋಣಿಯ ವೇಗ ಗಂಟೆಗೆ 52 ಕಿ.ಮೀ., ಹಗ್ಗ 16 ಮೀಟರ್. ಸಲೀಸಾದ ಕಡೆಯ ತಿರುವಿಗೆ ತೊಂದರೆಯಿಲ್ಲ. ಕಷ್ಟದ ಕಡೆ, ಅಂದರೆ ಆಫ್‌ಸೈಡ್‌ನಲ್ಲಿ, ಸ್ಕೀ ತೇಲುಗುಂಡನ್ನು ದಾಟಿ ನೇರವಾಗಿ ಓಡುತ್ತದೆ. ಆಮೇಲೆ ತಟ್ಟನೆ ತಿರುಗುತ್ತದೆ, ಹಗ್ಗ ಸಡಿಲಾಗಿ ಕೈಗೆ ಏಟು ಬೀಳುತ್ತದೆ. ಫಿನ್ (ಬಾಲದ ತಳದಲ್ಲಿರುವ ಈಜುರೆಕ್ಕೆಯಂಥ ತಟ್ಟೆ) ಬದಲಿಸಲೇ?

ಉತ್ತರ: ಸದ್ಯಕ್ಕೆ ಫಿನ್ ಮುಟ್ಟಬೇಡಿ. ನೀವು ಹೇಳುವ ಲಕ್ಷಣ ಸ್ಕೀಯ ಮೂತಿ ನೀರಿನಿಂದ ಎದ್ದಿರುವುದರದ್ದು. ಮುಂಭಾಗದ ಅಂಚು ನೀರನ್ನು ಕಚ್ಚಿದರೆ ಮಾತ್ರ ಸ್ಕೀ ತಿರುಗುತ್ತದೆ. ಭಾರ ಹಿಂದಿನ ಕಾಲಿಗೆ ಜಾರಿದಾಗ ಮೂತಿ ಏಳುತ್ತದೆ, ಕಚ್ಚಲು ಅಂಚೇ ಉಳಿಯುವುದಿಲ್ಲ. ಮುಂದೆ ಹೋದಂತೆ ವೇಗ ಇಳಿದು, ಸ್ಕೀ ನೀರಿಗೆ ಕುಸಿದು, ಮೂತಿ ಒಮ್ಮೆಲೇ ಸಿಕ್ಕಿಕೊಳ್ಳುತ್ತದೆ. ಆ ‘ತಟ್ಟನೆ’ ಆಗುವ ತಿರುವು ಅದೇ. ಅಷ್ಟರಲ್ಲಿ ಹಗ್ಗ ಸಡಿಲಾಗಿರುತ್ತದೆ. ಜೊತೆಗೆ 67ರ ಅಗಲ ತಳ ಹಳೆಯದಕ್ಕಿಂತ ಎತ್ತರದಲ್ಲಿ ತೇಲುತ್ತದೆ, ವೇಗವನ್ನು ತಡವಾಗಿ ಬಿಟ್ಟುಕೊಡುತ್ತದೆ. ನಿಮ್ಮ ತೂಕಕ್ಕೆ, ಈ ವೇಗಕ್ಕೆ ಅಳತೆಯೇನೂ ತಪ್ಪಲ್ಲ.

ಮೊದಲು ಈಗಿನ ಅಳತೆಗಳನ್ನು ಬರೆದಿಟ್ಟುಕೊಳ್ಳಿ: ಮುಂದಿನ ಬೂಟಿನ ಹಿಮ್ಮಡಿಯಿಂದ ಸ್ಕೀಯ ಬಾಲದ ತುದಿಯವರೆಗಿನ ದೂರ, ಫಿನ್‌ನ ಉದ್ದ, ಆಳ, ಬಾಲದ ತುದಿಯಿಂದ ಫಿನ್‌ಗಿರುವ ದೂರ, ರೆಕ್ಕೆಯ (ಫಿನ್‌ಗೆ ಅಡ್ಡಲಾಗಿ ಕೂರಿಸಿದ, ವೇಗ ತಗ್ಗಿಸುವ ಪುಟ್ಟ ತಗಡು) ಕೋನ. ಇವನ್ನು ತಯಾರಕರು ಕೊಟ್ಟ ಪಟ್ಟಿಯೊಂದಿಗೆ ಹೋಲಿಸಿ. ವ್ಯತ್ಯಾಸವಿದ್ದರೆ ಪಟ್ಟಿಯಲ್ಲಿರುವಂತೆಯೇ ಇಟ್ಟು ಶುರುಮಾಡಿ. ಹಳೆಯ ಸ್ಕೀಯ ಅಂಕಿಗಳನ್ನು ಹೊಸದಕ್ಕೆ ಹಾಕುವುದು ಎಲ್ಲರೂ ಮಾಡುವ ತಪ್ಪು. ತಳದ ಬಾಗು ಬೇರೆಯಾದ ಮೇಲೆ ಆ ಅಂಕಿಗಳಿಗೆ ಅರ್ಥವಿಲ್ಲ. ಇನ್ನೊಂದು ಮಾತು: ಫಿನ್‌ನ ಉದ್ದವನ್ನು ಕ್ಯಾಲಿಪರ್ ಎಂಬ ಸೂಕ್ಷ್ಮ ಅಳತೆಯ ಉಪಕರಣದ ದವಡೆಯಿಂದ ಅಳೆದರೆ ಒಂದು ಅಂಕಿ, ಅದರ ತುದಿಯಿಂದ ಅಳೆದರೆ ಇನ್ನೊಂದು. ಪಟ್ಟಿ ಯಾವುದನ್ನು ಹೇಳುತ್ತಿದೆ ಎಂದು ನೋಡಿಕೊಳ್ಳಿ.

ಅಳತೆ ಸರಿಯಿದ್ದೂ ಮೂತಿ ಏಳುತ್ತಿದ್ದರೆ ಎರಡೂ ಬೂಟುಗಳನ್ನು ಕಾಲು ಇಂಚು ಮುಂದೆ ಸರಿಸಿ. ಎರಡೂ ಎಂದದ್ದು ಏಕೆಂದರೆ, ಮುಂದಿನದನ್ನು ಮಾತ್ರ ಸರಿಸಿದರೆ ಪಾದಗಳ ನಡುವಿನ ಅಂತರ ಬದಲಾಗಿ ನಿಮ್ಮ ನಿಲುವೇ ಬೇರೆಯಾಗುತ್ತದೆ. ಆಮೇಲೆ ಕನಿಷ್ಠ ಮೂರು-ನಾಲ್ಕು ಸುತ್ತು ಆಡಿ. ಒಂದೇ ಸುತ್ತಿನಲ್ಲಿ ತೀರ್ಮಾನಿಸುವವರು ಸ್ಕೀಯನ್ನಲ್ಲ, ಅಂದಿನ ಗಾಳಿಯನ್ನು ಸರಿಮಾಡುತ್ತಿರುತ್ತಾರೆ.

ಹಾಗೆಯೇ ನಿಮ್ಮನ್ನೂ ನೋಡಿಕೊಳ್ಳಿ. ಒಂದು ಕಡೆ ಮಾತ್ರ ತೊಂದರೆಯಿದ್ದಾಗ ಮೊದಲ ಅನುಮಾನ ಸವಾರನ ಮೇಲೆಯೇ. ಆಫ್‌ಸೈಡ್‌ನಲ್ಲಿ ಸೊಂಟ ಹಿಂದುಳಿದು ಮುಂದಿನ ಮಂಡಿ ನೆಟ್ಟಗಾಗುವುದು ಸಾಮಾನ್ಯ. ದಡದಿಂದ ವಿಡಿಯೊ ಮಾಡಿಸಿ. ಸ್ಕೀಯನ್ನು ಒಂದು ಅಂಚಿನಿಂದ ಇನ್ನೊಂದಕ್ಕೆ ಹೊರಳಿಸುವ ಹೊತ್ತಿಗೆ ಮುಂದಿನ ಕಣಕಾಲು ಬಾಗಿದೆಯೇ, ಕೈ ಚಾಚುವಾಗ ಎದೆ ತೇಲುಗುಂಡಿನ ಕಡೆ ಬೀಳುತ್ತಿದೆಯೇ, ಇವೆರಡು ನೋಡಿದರೆ ಸಾಕು. ಬೂಟು, ಫಿನ್ ಎರಡೂ ಕಡೆಯ ತಿರುವನ್ನೂ ಬದಲಿಸುತ್ತವೆ. ಕಷ್ಟದ ಕಡೆಗೆಂದು ಮಾಡಿದ ತಿದ್ದುಪಡಿ ಸಲೀಸಾದ ಕಡೆಯನ್ನು ಕೆಡಿಸಬಲ್ಲದು.

ಇಷ್ಟಾದ ಮೇಲೂ ತಿರುವು ಅಗಲವಾಗಿಯೇ ಇದ್ದರೆ ಫಿನ್‌ಗೆ ಬನ್ನಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ 0.005ರಿಂದ 0.010 ಇಂಚು. 0.010 ಅಂದರೆ ಕಾಲು ಮಿಲಿಮೀಟರ್. ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ. ಫಿನ್ ಮುಂದೆ ಸರಿದಷ್ಟೂ ಸ್ಕೀ ಬೇಗ ತಿರುಗುತ್ತದೆ, ಸ್ಥಿರತೆ ತುಸು ಕಡಿಮೆಯಾಗುತ್ತದೆ. ಹಿಂದೆ ಸರಿದರೆ ನೇರ ಓಟ ಗಟ್ಟಿಯಾಗಿ ತಿರುವು ನಿಧಾನವಾಗುತ್ತದೆ. ಉದ್ದ ಹೆಚ್ಚಿಸಿದರೆ ಮುಂಭಾಗದ ಕಚ್ಚುವಿಕೆ ಹೆಚ್ಚುತ್ತದೆ. ಆಳ ಬಾಲಕ್ಕೆ ಹಿಡಿತ ಕೊಡುತ್ತದೆ, ಆದ್ದರಿಂದ ತಿರುವಿನ ಕೊನೆಯಲ್ಲಿ ಬಾಲ ಜಾರುತ್ತಿದ್ದರೆ ಮಾತ್ರ ಅದನ್ನು ಹೆಚ್ಚಿಸಿ. ನಿಮ್ಮ ವಿವರಣೆಯಲ್ಲಿ ಬಾಲ ಜಾರುವ ಮಾತಿಲ್ಲ, ಹಾಗಾಗಿ ಫಿನ್ ಅನ್ನು 0.010 ಇಂಚು ಮುಂದೆ ತಂದು ನೋಡುವುದು ಮೊದಲ ಹೆಜ್ಜೆ. ಸ್ಕ್ರೂ ಸಡಿಲಿಸಿದಾಗ ಉಳಿದ ಅಳತೆಗಳೂ ಕದಲುತ್ತವೆ, ಬಿಗಿಮಾಡಿದ ಮೇಲೆ ಉದ್ದ, ಆಳ, ಬಾಲದ ತುದಿಯಿಂದ ದೂರ ಮೂರನ್ನೂ ಮತ್ತೆ ಅಳೆಯಲೇಬೇಕು.

ರೆಕ್ಕೆ ಕೊನೆಗಿರಲಿ. ತೇಲುಗುಂಡಿನ ಬಳಿ ವೇಗ ಇಳಿಯುತ್ತಲೇ ಇಲ್ಲ ಎನಿಸಿದರೆ ಒಂದು ಡಿಗ್ರಿ ಹೆಚ್ಚಿಸಿ. ಸಾಮಾನ್ಯವಾಗಿ 7ರಿಂದ 9 ಡಿಗ್ರಿಯೊಳಗೆ ಇರುತ್ತದೆ.

ಇದರ ನಡುವೆ ಮೂತಿ ಒಮ್ಮೆಲೇ ನೀರಿಗೆ ನುಗ್ಗಿ, ನೀವು ಮುಂದಕ್ಕೆ ಮುಗ್ಗರಿಸಲು ಶುರುವಾದರೆ ಹದ ಮೀರಿತೆಂದು ತಿಳಿದು, ಕೊನೆಯದಾಗಿ ಬದಲಿಸಿದ್ದನ್ನು ಅರ್ಧದಷ್ಟು ಹಿಂದಕ್ಕೆ ತನ್ನಿ.